ದುಬಾರಿ ಅನಲಾಗ್ ಸಿಂಥ್: ಕೊಳ್ಳಲೇ, ಬೇಡವೇ?

ಪ್ರಶ್ನೆ: ನಾಲ್ಕು ವರ್ಷಗಳಿಂದ ಲ್ಯಾಪ್‌ಟಾಪ್‌ನಲ್ಲಿ ಸಂಗೀತ ಮಾಡುತ್ತಿದ್ದೇನೆ. ಒಂದು ಚಿಕ್ಕ ಮಿಡಿ ಕೀಬೋರ್ಡ್, ಹೆಡ್‌ಫೋನ್, ಕಂಪ್ಯೂಟರಿನಲ್ಲೇ ಸದ್ದು ಹುಟ್ಟಿಸುವ ಕೆಲವು ಪ್ಲಗಿನ್‌ಗಳು, ಇಷ್ಟೇ ನನ್ನ ಸಾಮಗ್ರಿ. ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುತ್ತೇನೆ. ಎರಡೂ ಕೈಯಲ್ಲಿ ನುಡಿಸುವ, ನಿಧಾನವಾಗಿ ಹರಡಿಕೊಳ್ಳುವ ಪ್ಯಾಡ್‌ಗಳು, ಅಡಿಯಲ್ಲಿ ದಪ್ಪ ಬೇಸ್, ಇದು ನನ್ನ ಶೈಲಿ. ಮೌಸ್ ಹಿಡಿದು ಹಿಡಿದು ಸಾಕಾಗಿದೆ. ಬಹಳ ದಿನದಿಂದ ಕೂಡಿಟ್ಟ ಹಣದಲ್ಲಿ ಈಗ ಹೊಸ ಪ್ರಾಫೆಟ್-5 (ಸರ್ಕ್ಯೂಟಿನಲ್ಲೇ ಸದ್ದು ಹುಟ್ಟಿಸುವ ಅನಲಾಗ್ ಸಿಂಥಸೈಜರ್) ಕೊಳ್ಳಬಹುದು. ಕೊಂಡರೆ ಕೈ ಖಾಲಿ. ಗೆಳೆಯನೊಬ್ಬ ‘ಪ್ಲಗಿನ್‌ಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗೋದಿಲ್ಲ, ದುಡ್ಡು ದಂಡ’ ಎನ್ನುತ್ತಾನೆ. ಇನ್ನೊಬ್ಬರು ‘ಒಂದು ಸಲ ನಿಜವಾದ ಅನಲಾಗ್ ಮುಟ್ಟಿದರೆ ಮತ್ತೆ ಪ್ಲಗಿನ್ ಮುಟ್ಟೋದಿಲ್ಲ’ ಎನ್ನುತ್ತಾರೆ. ವ್ಯತ್ಯಾಸ ನಿಜವೇ? ನನ್ನ ಕೆಲಸಕ್ಕೆ ಅದು ಬೇಕೇ? ಕೊಳ್ಳುವುದಾದರೆ ಹೊಸದೋ, ಹಳೆಯದೋ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನೀವು ವಿವರಿಸಿದ ಕೆಲಸಕ್ಕೆ, ನೀವು ಹೇಳಿದ ಪರಿಸ್ಥಿತಿಯಲ್ಲಿ, ಈಗ ಪ್ರಾಫೆಟ್-5 ಕೊಳ್ಳಬೇಡಿ. ಇವತ್ತು ಹೊಸದಾಗಿ ಸಿಗುವ ಅನಲಾಗ್ ಸಿಂಥ್‌ಗಳಲ್ಲಿ ನನಗೆ ತೀರಾ ಹಿಡಿಸಿದವುಗಳಲ್ಲಿ ಅದೂ ಒಂದು, ಆದರೂ ಹೀಗೆ ಹೇಳುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆಸೆಗಳು ಬೆರೆತುಹೋಗಿವೆ. ಈಗಿರುವುದಕ್ಕಿಂತ ಒಳ್ಳೆಯ ಸದ್ದು ಬೇಕು ಎನ್ನುವುದು ಒಂದು. ಮೌಸ್ ಬಿಟ್ಟು ಕೈಯಾರೆ ಸದ್ದು ಕಟ್ಟಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕಾಗಿ ಇಷ್ಟು ಹಣ ಸುರಿಯುವ ಕಾಲ ಮುಗಿದಿದೆ. ಎರಡನೆಯದಕ್ಕಾಗಿ ಹಣ ಹಾಕುವುದು ಖಂಡಿತ ನ್ಯಾಯ, ಆದರೆ ಅದಕ್ಕೆ ಬೇಕಾದ ವಾದ್ಯ ಬೇರೆ, ಅದರ ಬೆಲೆಯೂ ತುಂಬ ಕಡಿಮೆ.

ಯಾಕೆ ಹೀಗನ್ನುತ್ತೇನೆ ಎಂಬುದು ಸ್ಪಷ್ಟವಾಗಬೇಕಾದರೆ ಅನಲಾಗ್ ಸದ್ದಿನ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಎಂದು ಹತ್ತಿರದಿಂದ ನೋಡಬೇಕು.

ಎರಡು ಆಸಿಲೇಟರ್‌ಗಳನ್ನು, ಅಂದರೆ ಸ್ವರದ ಅಲೆ ಹುಟ್ಟಿಸುವ ಭಾಗಗಳನ್ನು, ಒಂದೇ ಸ್ವರಕ್ಕೆ ಶ್ರುತಿ ಮಾಡಿ, ಒಂದನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿ. ಒಂದು 440 ಹರ್ಟ್ಸ್, ಇನ್ನೊಂದು 441. ಎರಡರ ಅಲೆಗಳು ಸೆಕೆಂಡಿಗೊಮ್ಮೆ ಒಂದರ ಮೇಲೊಂದು ಕೂಡುತ್ತವೆ, ಸೆಕೆಂಡಿಗೊಮ್ಮೆ ಒಂದನ್ನೊಂದು ಅಳಿಸುತ್ತವೆ. ಕಿವಿಗೆ ಅದು ಸೆಕೆಂಡಿಗೊಂದು ಸಲ ಉಬ್ಬಿ ಇಳಿಯುವ ಸದ್ದಾಗಿ ಕೇಳುತ್ತದೆ. ಈ ಅಂತರ ಸುಮಾರು 4 ಸೆಂಟ್, ಅಂದರೆ ಪಕ್ಕಪಕ್ಕದ ಎರಡು ಕೀಗಳ ನಡುವಿನ ದೂರವನ್ನು ನೂರು ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು. ಅದೇ ಜೋಡಿಯನ್ನು ಎರಡು ಆಕ್ಟೇವ್ (ಸ್ಥಾಯಿ) ಕೆಳಗೆ, 110 ಹರ್ಟ್ಸ್‌ನಲ್ಲಿ ನುಡಿಸಿದರೆ ಸೆಂಟ್ ಲೆಕ್ಕದಲ್ಲಿ ಅಂತರ ಅಷ್ಟೇ, ಹರ್ಟ್ಸ್ ಲೆಕ್ಕದಲ್ಲಿ ಮಾತ್ರ ಕಾಲು ಹರ್ಟ್ಸ್. ಉಬ್ಬು ಈಗ ನಾಲ್ಕು ಸೆಕೆಂಡಿಗೊಮ್ಮೆ ಬರುತ್ತದೆ. ಇದರ ಮೇಲೆ ಗರಗಸದ ಹಲ್ಲಿನಂಥ ಸಾಟೂತ್ ಅಲೆಯ ಒಂದೊಂದು ಹಾರ್ಮೋನಿಕ್ಕೂ (ಮೂಲ ಸ್ವರದ ಎರಡು, ಮೂರು ಪಟ್ಟು ಆವರ್ತನದ ಮೇಲ್ಸ್ವರ) ತನ್ನದೇ ವೇಗದಲ್ಲಿ ಉಬ್ಬಿ ಇಳಿಯುತ್ತದೆ. ಎರಡನೆಯದು ಎರಡು ಪಟ್ಟು ಬೇಗ, ಮೂರನೆಯದು ಮೂರು ಪಟ್ಟು ಬೇಗ. ನೀವು ಇಷ್ಟಪಡುವ ದಪ್ಪ ಬೇಸ್ ಒಳಗೊಳಗೇ ನಿಧಾನವಾಗಿ ಅಲುಗಾಡುವುದು, ಅದರ ಮೇಲ್ಪದರ ಚುರುಕಾಗಿ ಮಿನುಗುವುದು ಇದರಿಂದ.

ಇಷ್ಟು ಬರೀ ಲೆಕ್ಕ. ಕಂಪ್ಯೂಟರ್ ಇದನ್ನು ಚಾಚೂ ತಪ್ಪದೆ ಮಾಡುತ್ತದೆ. ಅನಲಾಗ್ ಆಸಿಲೇಟರ್‌ನಲ್ಲಿ ಹೆಚ್ಚುವರಿಯಾಗಿ ಆಗುವುದು ಏನೆಂದರೆ, ಆ ಅಂತರ ಒಂದೆಡೆ ನಿಲ್ಲುವುದಿಲ್ಲ. ಬಹಳಷ್ಟು ಅನಲಾಗ್ ಸಿಂಥ್‌ಗಳಲ್ಲಿ ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಆಕ್ಟೇವ್ ಏರುತ್ತದೆ, ಅಂದರೆ ಆವರ್ತನ ಎರಡು ಪಟ್ಟಾಗುತ್ತದೆ. ಹೀಗೆ ದ್ವಿಗುಣ ಮಾಡುವ ಕೆಲಸವನ್ನು ಟ್ರಾನ್ಸಿಸ್ಟರ್‌ಗೆ ಒಪ್ಪಿಸಿರುತ್ತಾರೆ. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಅದಕ್ಕೆ ಕೊಡುವ ವೋಲ್ಟೇಜ್ ಸುಮಾರು 18 ಮಿಲಿವೋಲ್ಟ್ ಹೆಚ್ಚಾದರೆ ಅದರಲ್ಲಿ ಹರಿಯುವ ಕರೆಂಟ್ ಎರಡು ಪಟ್ಟಾಗುತ್ತದೆ. ಆ 18 ಎಂಬ ಅಂಕಿಯೇ ಉಷ್ಣತೆಗೆ ತಕ್ಕಂತೆ ಸರಿಯುತ್ತದೆ. ಸರಿದೂಗಿಸುವ ಏರ್ಪಾಟು ಇಲ್ಲದಿದ್ದರೆ ಒಂದು ಡಿಗ್ರಿ ಸೆಲ್ಸಿಯಸ್ ಏರುಪೇರಾದರೂ ಆಕ್ಟೇವ್ ಒಂದಕ್ಕೆ ಸುಮಾರು 4 ಸೆಂಟ್ ಶ್ರುತಿ ಜಾರುತ್ತದೆ. ಮೇಲಿನ 440–441ರ ಅಂತರ ಎಷ್ಟಿತ್ತೋ ಅಷ್ಟೇ! ಹಳೆಯ ವಾದ್ಯಗಳನ್ನು ನುಡಿಸುವವರು ಸ್ವಿಚ್ ಹಾಕಿ ಅರ್ಧ ಗಂಟೆ ಕಾಯುತ್ತಿದ್ದದ್ದು ಇದಕ್ಕಾಗಿ. ಪ್ರಾಫೆಟ್-5ರಲ್ಲಿ ಶ್ರುತಿ ಸರಿಪಡಿಸಲೆಂದೇ ಒಂದು ಗುಂಡಿ ಇಟ್ಟದ್ದೂ ಇದಕ್ಕಾಗಿ.

ಇನ್ನೊಂದು ಸೂಕ್ಷ್ಮವಿದೆ. ಅನಲಾಗ್ ಆಸಿಲೇಟರ್ ನೀವು ಕೀ ಒತ್ತಿದಾಗ ಹುಟ್ಟುವುದಿಲ್ಲ. ಸ್ವಿಚ್ ಹಾಕಿದಾಗಿನಿಂದ ಸುತ್ತುತ್ತಲೇ ಇರುತ್ತದೆ. ಕೀ ಒತ್ತಿದಾಗ ಬಾಗಿಲು ತೆರೆಯುತ್ತದೆ ಅಷ್ಟೆ. ಆ ಗಳಿಗೆಯಲ್ಲಿ ಎರಡು ಅಲೆಗಳು ಎಲ್ಲಿದ್ದವೋ ಅಲ್ಲಿಂದ ಸದ್ದು ಶುರು. ಹಾಗಾಗಿ ಒಂದೇ ಬೇಸ್ ಸ್ವರವನ್ನು ಎಂಟು ಸಲ ಬಾರಿಸಿದರೆ ಎಂಟೂ ಪೆಟ್ಟುಗಳ ಮೊನೆ ಸ್ವಲ್ಪ ಸ್ವಲ್ಪ ಬೇರೆ. ಕೆಲವು ಪ್ಲಗಿನ್‌ಗಳಲ್ಲಿ ಪ್ರತಿ ಪೆಟ್ಟೂ ಅಲೆಯ ಅದೇ ಬಿಂದುವಿನಿಂದ ಆರಂಭವಾಗುವಂತೆ ಇರುತ್ತದೆ. ಆಗ ಬೇಸ್ ಯಂತ್ರದಂತೆ ಕೇಳುತ್ತದೆ. ಇದನ್ನು ಓದಿದ ಕೂಡಲೇ ನಿಮ್ಮ ಪ್ಲಗಿನ್ ತೆರೆದು ‘ಫ್ರೀ ರನ್’ ಅಥವಾ ‘ಫೇಸ್ ರ‍್ಯಾಂಡಮ್’ ಎಂಬಂಥ ಆಯ್ಕೆ ಇದೆಯೇ ನೋಡಿ. ಅನಲಾಗ್‌ನ ಜೀವಂತಿಕೆ ಎಂದು ಹೊಗಳುವುದರಲ್ಲಿ ಒಂದು ದೊಡ್ಡ ಪಾಲು ಈ ಒಂದು ಸ್ವಿಚ್ಚಿನ ಹಿಂದೆ ಅಡಗಿರುತ್ತದೆ.

ಮೂರನೆಯದು ಫಿಲ್ಟರ್, ಸದ್ದಿನ ಮೇಲಿನ ಆವರ್ತನಗಳನ್ನು ತಗ್ಗಿಸುವ ಭಾಗ. ಸಿಂಥ್ ತಯಾರಕ ಬಾಬ್ ಮೂಗ್ ಅವರ ಲ್ಯಾಡರ್ ಫಿಲ್ಟರ್‌ಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಟ್ರಾನ್ಸಿಸ್ಟರ್ ಜೋಡಿಗಳನ್ನು ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಕಟ್ಟಿದ ಸರ್ಕ್ಯೂಟ್ ಅದು. ಕಟಾಫ್‌ನಿಂದಾಚೆ, ಅಂದರೆ ನೀವು ಗೊತ್ತುಮಾಡಿದ ಆವರ್ತನದಿಂದ ಮೇಲಕ್ಕೆ, ಆಕ್ಟೇವ್‌ಗೆ 24 ಡೆಸಿಬಲ್‌ನಂತೆ ಸದ್ದನ್ನು ಇಳಿಸುತ್ತದೆ. ಅದಕ್ಕೆ ಜೋರಾದ ಸಿಗ್ನಲ್ ಕೊಟ್ಟರೆ ಆ ಜೋಡಿಗಳು ತಮ್ಮ ಮಿತಿ ತಲುಪಿ ಅಲೆಯ ಮೂಲೆಗಳನ್ನು ಮೆಲ್ಲಗೆ ಒತ್ತುತ್ತವೆ. ರೆಸೊನೆನ್ಸ್, ಅಂದರೆ ಕಟಾಫ್ ಬಳಿಯ ಆವರ್ತನಗಳನ್ನು ಎತ್ತಿ ಹಿಡಿಯುವ ಮರುಸುತ್ತು, ಏರಿಸಿದಂತೆ ಬೇಸ್ ತೆಳ್ಳಗಾಗುತ್ತದೆ. ಇವೆರಡೂ ಸೇರಿದ್ದೇ ಅವರ ಹೆಸರಾಂತ ಸಿಂಥ್ ಮಿನಿಮೂಗ್‌ನ ಸ್ವಭಾವ. ಬಹುಕಾಲ ಪ್ಲಗಿನ್‌ಗಳು ಎಡವುತ್ತಿದ್ದದ್ದು ಇಲ್ಲೇ. ಒತ್ತುವಿಕೆಯನ್ನೂ ರೆಸೊನೆನ್ಸ್‌ನ ಮರುಸುತ್ತನ್ನೂ ಒಟ್ಟಿಗೆ, ತಡವಿಲ್ಲದೆ ಲೆಕ್ಕ ಹಾಕುವುದು ಪ್ರೊಸೆಸರ್‌ಗೆ ಭಾರವಾದ ಕೆಲಸ. 2011ರಲ್ಲಿ ಬಂದ, ಯು-ಹೆ ಕಂಪನಿಯ ಡಿವಾ ಪ್ಲಗಿನ್ ಆ ಭಾರವನ್ನು ಹೊತ್ತುಕೊಂಡಿತು. ಆಗಿನ ಕಂಪ್ಯೂಟರ್‌ಗಳು ಏದುಸಿರು ಬಿಟ್ಟವು. ಇವತ್ತಿನ ಸಾಧಾರಣ ಲ್ಯಾಪ್‌ಟಾಪ್‌ಗೆ ಅದು ಸುಲಭ. ಡಿಜಿಟಲ್ ಸದ್ದು ಚುಚ್ಚುತ್ತದೆ ಎಂಬ ಹಳೆಯ ದೂರಿಗೆ ಕಾರಣವಾಗಿದ್ದ ಅಲಿಯಾಸಿಂಗ್ (ಡಿಜಿಟಲ್ ಲೆಕ್ಕದ ಮಿತಿಯಿಂದ ನುಸುಳುವ ಬೇಡದ ಸ್ವರಗಳು) ಕೂಡ ಒಳ್ಳೆಯ ಪ್ಲಗಿನ್‌ಗಳಲ್ಲಿ ಈಗ ಕಿವಿಗೆ ಸಿಗದಷ್ಟು ತಗ್ಗಿದೆ.

ಈ ಹಿನ್ನೆಲೆಯಲ್ಲಿ ಎರಡು ವಾದ್ಯಗಳನ್ನು ಗಮನಿಸಿ. 1984ರ ರೋಲಂಡ್ ಜೂನೋ-106ರಲ್ಲಿ ಆಸಿಲೇಟರ್‌ಗಳ ಶ್ರುತಿಯನ್ನು ಡಿಜಿಟಲ್ ಗಡಿಯಾರವೇ ಹಿಡಿದಿಟ್ಟಿದೆ. ಅದು ಜಾರುವುದೇ ಇಲ್ಲ. ಆದರೂ ಜನ ಅದರ ಮೋಹದಲ್ಲಿ ಬೀಳುತ್ತಾರೆ, ಕಾರಣ ಅದರ ಫಿಲ್ಟರ್ ಮತ್ತು ಸದ್ದನ್ನು ಹರಡಿ ದಟ್ಟವಾಗಿಸುವ ಕೋರಸ್. ಇನ್ನು 2020ರಲ್ಲಿ ಮರಳಿ ಬಂದ, ನೀವು ಕಣ್ಣಿಟ್ಟಿರುವ ಪ್ರಾಫೆಟ್-5. ಅದರಲ್ಲಿ ‘ವಿಂಟೇಜ್’ ಎಂಬ ನಾಬ್ ಇದೆ. ತಿರುಗಿಸಿದಂತೆ ವಾಯ್ಸ್ ವಾಯ್ಸ್‌ಗಳ (ಒಂದೊಂದು ಸ್ವರ ನುಡಿಸುವ ಸರ್ಕ್ಯೂಟ್‌ಗಳ) ನಡುವೆ ಸಣ್ಣ ಸಣ್ಣ ಏರುಪೇರುಗಳನ್ನು ಅದು ಸೇರಿಸುತ್ತದೆ. ನಿಜವಾದ ಅನಲಾಗ್ ವಾದ್ಯವೇ ಇವತ್ತು ಎಷ್ಟು ಕರಾರುವಾಕ್ಕಾಗಿದೆಯೆಂದರೆ, ಹಳೆಯ ಅಸ್ಥಿರತೆಯನ್ನು ತಯಾರಕರು ನಾಬ್ ಇಟ್ಟು ವಾಪಸ್ ಕೊಡಬೇಕಾಗಿದೆ.

ಹಾಗಾಗಿ ವ್ಯತ್ಯಾಸ ನಿಜವೇ ಎಂದರೆ, ನಿಜ; ಆದರೆ ಚಿಕ್ಕದು. ಒಂಟಿಯಾಗಿ, ಒಳ್ಳೆಯ ಸ್ಪೀಕರ್‌ನಲ್ಲಿ, ರೆಸೊನೆನ್ಸ್ ಪೂರ್ತಿ ಏರಿಸಿ ಫಿಲ್ಟರ್ ತಿರುಗಿಸುವಾಗ ಅದು ಕೇಳಬಹುದು. ಸಂಭಾಷಣೆಯ ಅಡಿಯಲ್ಲಿ, ರಿವರ್ಬ್ (ಕೋಣೆಯ ಅನುರಣನದ ಪರಿಣಾಮ) ಹೊದಿಸಿದ ಪ್ಯಾಡ್‌ನಲ್ಲಿ ನೋಡುಗರಿಗಂತೂ ಕೇಳುವುದಿಲ್ಲ, ನಿಮಗೂ ಕೇಳಿಸಲಿಕ್ಕಿಲ್ಲ. ನನ್ನ ಮಾತು ನಂಬಿ ಸುಮ್ಮನಾಗಬೇಡಿ, ಪರೀಕ್ಷಿಸಿ. ಪ್ರಾಫೆಟ್ ಇರುವ ಸ್ಟುಡಿಯೋ ಅಥವಾ ಪರಿಚಯದವರಲ್ಲಿ ಒಂದು ಗಂಟೆ ಕೇಳಿಕೊಳ್ಳಿ. ನೀವು ದಿನಾ ಬಳಸುವಂಥ ಒಂದು ಪ್ಯಾಡ್, ಒಂದು ಬೇಸ್ ಅದರಲ್ಲಿ ಕಟ್ಟಿ ರೆಕಾರ್ಡ್ ಮಾಡಿಕೊಂಡು ಬನ್ನಿ. ಅವೆರಡನ್ನೂ ಪ್ಲಗಿನ್‌ನಲ್ಲಿ ಕಿವಿಯಿಂದಲೇ ಹೊಂದಿಸಿ. ಆಮೇಲೆ ಎರಡರ ಮಟ್ಟವನ್ನೂ ಸರಿಸಮ ಮಾಡಿ. ಇದನ್ನು ಮರೆತರೆ ಪರೀಕ್ಷೆಗೆ ಅರ್ಥವೇ ಇಲ್ಲ, ಯಾಕೆಂದರೆ ಒಂದು ಡೆಸಿಬಲ್ ಜೋರಾಗಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ. ಯಾವುದು ಯಾವುದೆಂದು ತಿಳಿಸದೆ ಬೇರೆ ಯಾರಾದರೂ ನಿಮಗೆ ಕೇಳಿಸಲಿ. ಮೊದಲು ಬಿಡಿಯಾಗಿ, ಆಮೇಲೆ ನಿಮ್ಮದೇ ಒಂದು ಮುಗಿದ ಕೆಲಸದ ನಡುವೆ ಇಟ್ಟು.

ಈ ಪರೀಕ್ಷೆಯಲ್ಲಿ ರಿವರ್ಬ್, ಡಿಲೇ (ಪ್ರತಿಧ್ವನಿ) ಎರಡೂ ಇರಬಾರದು ಎಂದು ಒತ್ತಿ ಹೇಳುತ್ತೇನೆ. ಪ್ರಾಫೆಟ್-5ರಲ್ಲಾಗಲಿ ಮಿನಿಮೂಗ್‌ನಲ್ಲಾಗಲಿ ರಿವರ್ಬ್ ಇಲ್ಲ. ನಿಮ್ಮನ್ನು ಮರುಳು ಮಾಡಿದ ಪ್ರದರ್ಶನ ವಿಡಿಯೋಗಳಲ್ಲಿ ಬಹುಪಾಲು ಅದರ ಹಿಂದೆ ಒಳ್ಳೆಯ ರಿವರ್ಬ್, ಒಳ್ಳೆಯ ಡಿಲೇ, ಒಳ್ಳೆಯ ವಾದಕರು ಇರುತ್ತಾರೆ. ವಾದ್ಯವನ್ನು ಮನೆಗೆ ತಂದು ನೇರ ಹೆಡ್‌ಫೋನ್‌ಗೆ ಸಿಕ್ಕಿಸಿದಾಗ ಬರುವ ಸದ್ದು ಒಣಕಲು, ಸ್ವಲ್ಪ ಒರಟು. ಆ ಒಣ ಸದ್ದೇ ನಿಮಗೆ ಹಿಡಿಸಿತೇ ಎಂಬುದು ಮುಖ್ಯ. ನೀವು ಪ್ರೀತಿಸಿದ್ದು ರಿವರ್ಬನ್ನಾದರೆ ಅದು ಈಗಾಗಲೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ನನ್ನ ಮುಖ್ಯ ತಕರಾರು ಇಲ್ಲಿದೆ, ಅದಕ್ಕೂ ಅನಲಾಗ್ ಡಿಜಿಟಲ್ ಜಗಳಕ್ಕೂ ಸಂಬಂಧವಿಲ್ಲ. ಪ್ರಾಫೆಟ್-5 ಎಂದರೆ ಐದು ವಾಯ್ಸ್: ಒಟ್ಟಿಗೆ ಐದು ಸ್ವರ, ಅಷ್ಟೇ. ನೀವು ಎರಡೂ ಕೈ ಬಳಸಿ ನಿಧಾನದ ಪ್ಯಾಡ್ ನುಡಿಸುವವರು. ನಾಲ್ಕು ಸ್ವರದ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದು, ಮೂರು ಸೆಕೆಂಡಿಗೆ ಮುಂದಿನದಕ್ಕೆ ಹೋಗುತ್ತೀರಿ ಅಂದುಕೊಳ್ಳಿ. ಕೈ ಬಿಟ್ಟ ಮೇಲೂ ನಾಲ್ಕು ಸೆಕೆಂಡು ಸದ್ದು ಕರಗುತ್ತಿರಬೇಕು, ಇಲ್ಲದಿದ್ದರೆ ಅದು ಪ್ಯಾಡ್ ಅನ್ನಿಸಿಕೊಳ್ಳುವುದಿಲ್ಲ. ಹಾಗಾದರೆ ಮೊದಲ ಕಾರ್ಡಿನ ನಾಲ್ಕು ಸ್ವರಗಳು ಕರಗುತ್ತಿರುವಾಗಲೇ ಎರಡನೆಯದರ ನಾಲ್ಕು ಬೇಕು. ಒಟ್ಟು ಎಂಟು. ಇರುವುದು ಐದು. ಮೊದಲ ಕಾರ್ಡಿನ ಮೂರು ಸ್ವರಗಳು ಅರ್ಧಕ್ಕೇ ಕತ್ತರಿಸಿ ಹೋಗುತ್ತವೆ, ಅದು ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಎಡಗೈಯಲ್ಲಿ ಬೇಸ್ ಸೇರಿಸಿದರಂತೂ ಮುಗಿಯಿತು. ಹತ್ತು ವಾಯ್ಸ್‌ನ ಪ್ರಾಫೆಟ್-10 ಇದೆ, ಆದರೆ ಅದು ನಿಮ್ಮ ಕೂಡಿಟ್ಟ ಹಣದ ಆಚೆಗಿನದು. ಐದು ವಾಯ್ಸ್‌ನಲ್ಲಿ ಅದ್ಭುತ ಸಂಗೀತ ಮಾಡಿದವರು ಎಷ್ಟೋ ಜನ. ಅವರು ಆ ಮಿತಿಗೆ ತಕ್ಕಂತೆ ನುಡಿಸಿದರು. ನಿಮ್ಮ ಶೈಲಿ ಆ ಮಿತಿಗೆ ಎದುರಾಗಿ ನಿಂತಿದೆ.

ಇನ್ನೊಂದು, ನಿಮಗೆ ಕೆಲಸ ಕೊಡುವವರ ವಿಷಯ. ಚಿತ್ರದ ಕೆಲಸದಲ್ಲಿ ತಿದ್ದುಪಡಿ ಬರದೇ ಇರುವುದಿಲ್ಲ. ಮೂರು ವಾರದ ಮೇಲೆ ನಿರ್ದೇಶಕರು ಫೋನ್ ಮಾಡಿ ‘ಎರಡನೇ ದೃಶ್ಯ ಎಂಟು ಸೆಕೆಂಡ್ ಉದ್ದ ಆಗಿದೆ, ಆ ಪ್ಯಾಡ್ ಸ್ವಲ್ಪ ಮಂಕಾಗಿರಲಿ’ ಎನ್ನುತ್ತಾರೆ. ಪ್ಲಗಿನ್ ಆದರೆ ಪ್ರಾಜೆಕ್ಟ್ ತೆರೆದು ಐದು ನಿಮಿಷದ ಕೆಲಸ. ವಾದ್ಯವಾದರೆ ಸಿಂಥ್ ಹಚ್ಚಿ, ಬಿಸಿಯಾಗಲು ಬಿಟ್ಟು, ಆ ಪ್ಯಾಚ್ (ಆ ಸದ್ದಿನ ನಾಬ್‌ಗಳ ಹೊಂದಾಣಿಕೆ) ಹುಡುಕಿ, ಅದೇ ಮಟ್ಟಕ್ಕೆ ಇನ್‌ಪುಟ್ ಹೊಂದಿಸಿ, ಮೊದಲಿನಿಂದ ಕೊನೆವರೆಗೆ ಮತ್ತೆ ರೆಕಾರ್ಡ್ ಮಾಡಬೇಕು. ಆರು ಪದರವಿದ್ದರೆ ಆರು ಸಲ. 1978ರಲ್ಲಿ ವಿನ್ಯಾಸಕ ಡೇವ್ ಸ್ಮಿತ್ ಅವರ ಮೊದಲ ಪ್ರಾಫೆಟ್-5 ಹೆಸರು ಮಾಡಿದ್ದೇ ಮೈಕ್ರೊಪ್ರೊಸೆಸರ್ ಬಳಸಿ ಪ್ಯಾಚ್‌ಗಳನ್ನು ನೆನಪಿಟ್ಟುಕೊಂಡದ್ದಕ್ಕೆ. ಆದರೆ ಪ್ಯಾಚ್ ನೆನಪಿದ್ದರೆ ಸಾಲದು. ನುಡಿಸುವಾಗ ಕೈ ಫಿಲ್ಟರ್ ಮೇಲೆ ಹೇಗೆ ಓಡಿತ್ತು ಎಂಬುದನ್ನು ಮತ್ತೆ ಹಿಡಿಯುವುದು ಕಷ್ಟ. ಆಲ್ಬಮ್ ಮಾಡುವವರಿಗೆ ಇದು ಕಾಟವಲ್ಲ, ಒಳ್ಳೆಯ ಟೇಕ್ ಸಿಕ್ಕಿತು, ಮುಗಿಯಿತು. ನಿಮಗೆ ಪ್ರತಿ ತಿದ್ದುಪಡಿಯೂ ಒಂದು ಸಂಜೆಯನ್ನು ತಿನ್ನುತ್ತದೆ.

ಹಾಗಿದ್ದರೆ ಯಾರು ಕೊಳ್ಳಬೇಕು? ವೇದಿಕೆಯ ಮೇಲೆ ಕೈಯಾಡಿಸುತ್ತ ನುಡಿಸುವವರು ಕೊಳ್ಳಲಿ. ಪಿಯಾನೊ ಮುಂದೆ ಕೂತ ಹಾಗೆ ದಿನಾ ಒಂದೇ ವಾದ್ಯದ ಮುಂದೆ ಕೂತು ಅದರ ಆಳಕ್ಕೆ ಇಳಿಯಬಲ್ಲವರು ಕೊಳ್ಳಲಿ. ಕೊಂಡ ಮೇಲೂ ಕೈಯಲ್ಲಿ ಹಣ ಉಳಿಯುವವರು ಯೋಚಿಸದೆ ಕೊಳ್ಳಲಿ, ಸಂತೋಷವೂ ಒಂದು ಸಾಚಾ ಕಾರಣವೇ.

ನಿಮ್ಮ ಪತ್ರದಲ್ಲಿ ನನಗೆ ತುಂಬ ನಿಜ ಅನ್ನಿಸಿದ ವಾಕ್ಯ ಮೌಸ್ ಹಿಡಿದು ಸಾಕಾಗಿದೆ ಎನ್ನುವುದು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ನಾಬ್ ಹಿಡಿಯಬಹುದು, ಅದೂ ಕಣ್ಣಿಟ್ಟು. ಚಿಕ್ಕ ಮಿಡಿ ಕೀಬೋರ್ಡಿನ ನಾಬ್ ಬಳಸಿದರೂ ತೊಂದರೆ ತಪ್ಪುವುದಿಲ್ಲ. ಸಾಮಾನ್ಯ ಮಿಡಿ ಸಂದೇಶದಲ್ಲಿ ಒಂದು ನಾಬ್‌ಗೆ 0ಯಿಂದ 127ರವರೆಗೆ 128 ಹಂತ. ಕಿವಿಗೆ ಕೇಳುವ ವ್ಯಾಪ್ತಿ ಸುಮಾರು ಹತ್ತು ಆಕ್ಟೇವ್. ಫಿಲ್ಟರನ್ನು ಆ ಉದ್ದಕ್ಕೂ ಎಳೆದರೆ ಒಂದೊಂದು ಹಂತವೂ ಹತ್ತಿರಹತ್ತಿರ ಒಂದು ಅರ್ಧ ಸ್ವರದಷ್ಟು ದೊಡ್ಡ ಜಿಗಿತ. ಪ್ಲಗಿನ್‌ಗಳು ನಡುವಿನ ಖಾಲಿ ಜಾಗವನ್ನು ನಯಗೊಳಿಸಿ ತುಂಬುತ್ತವೆ, ಆದರೆ ನಿಮ್ಮ ಬೆರಳು ಮಾಡಿದ ಸಣ್ಣ ಅಲುಗಾಟ ಆ ತುಂಬುವಿಕೆಯಲ್ಲಿ ಕಳೆದುಹೋಗುತ್ತದೆ. ಮಿನಿಮೂಗ್‌ನಲ್ಲಿ ಫಿಲ್ಟರ್ ನಾಬ್ ಸರ್ಕ್ಯೂಟಿನ ಒಂದು ಭಾಗ. ಬೆರಳು ಕೂದಲಷ್ಟು ಅಲುಗಿದರೆ ಸದ್ದೂ ಅಷ್ಟೇ ಅಲುಗುತ್ತದೆ, ಆಗಲೇ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಲಿ. ಪ್ರಾಫೆಟ್‌ನಲ್ಲಿ ನಾಬ್‌ಗಳನ್ನು ಓದುವುದು ಪ್ರೊಸೆಸರ್. 1978ರಲ್ಲೂ ಹಾಗೇ ಇತ್ತು, ಪ್ಯಾಚ್ ನೆನಪಿಡಬೇಕಾದರೆ ಬೇರೆ ದಾರಿ ಇರಲಿಲ್ಲ. ಸದ್ದಿನ ದಾರಿ ಅನಲಾಗ್, ಕೈಯ ದಾರಿ ಡಿಜಿಟಲ್. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕೈಗೂ ಸದ್ದಿಗೂ ನಡುವೆ ಏನೂ ಇರಬಾರದು ಎಂಬ ಹಂಬಲ ನಿಮ್ಮದಾದರೆ, ಅದು ಶುದ್ಧವಾಗಿ ಸಿಗುವುದು ಮೆಮೊರಿ ಇಲ್ಲದ, ಒಂದೇ ವಾಯ್ಸ್‌ನ ಸರಳ ವಾದ್ಯದಲ್ಲಿ.

ಅದಕ್ಕೇ ನನ್ನ ಸಲಹೆ ಆ ಕಡೆಗೆ. ಮೊದಲು ಎರಡು ತಿಂಗಳು ಖರ್ಚಿಲ್ಲದ ಒಂದು ಅಭ್ಯಾಸ ಮಾಡಿ. ಒಂದೇ ಒಂದು ಪ್ಲಗಿನ್ ಆರಿಸಿಕೊಳ್ಳಿ. ಉಚಿತವಾಗಿ ಸಿಗುವ ಸರ್ಜ್ ಎಕ್ಸ್‌ಟಿ ಸಾಕು. ಪ್ರೀಸೆಟ್‌ಗಳನ್ನು, ಅಂದರೆ ಮೊದಲೇ ಮಾಡಿಟ್ಟ ಸದ್ದುಗಳನ್ನು, ಮುಟ್ಟಬೇಡಿ. ಪ್ರತಿ ಸದ್ದನ್ನೂ ಖಾಲಿ ಪ್ಯಾಚ್‌ನಿಂದ, ಒಂದು ಆಸಿಲೇಟರ್‌ನಿಂದ ಶುರು ಮಾಡಿ. ಆಸಿಲೇಟರ್, ಮಿಕ್ಸರ್, ಫಿಲ್ಟರ್, ಎನ್ವಲಪ್ (ಸದ್ದು ಏರಿ ಇಳಿಯುವ ರೀತಿ), ಇದೇ ಕ್ರಮದಲ್ಲಿ ಹೋಗಿ. ಮಿನಿಮೂಗ್‌ನ ಫಲಕವನ್ನು ಎಡದಿಂದ ಬಲಕ್ಕೆ ಜೋಡಿಸಿರುವುದೂ ಹೆಚ್ಚುಕಡಿಮೆ ಹೀಗೇ, ಸದ್ದು ಹರಿಯುವ ದಾರಿಯಲ್ಲೇ ಕೈಯೂ ನಡೆಯಲಿ ಎಂದು. ಎರಡು ವಾರಕ್ಕೇ ಬೇಸರ ಬಂದು ಪ್ರೀಸೆಟ್‌ಗೆ ಮರಳಿದರೆ ನಿಮಗೆ ಸದ್ದು ಕಟ್ಟುವುದರಲ್ಲಿ ಅಷ್ಟು ಆಸಕ್ತಿಯಿಲ್ಲ, ಸಂಗೀತ ಕಟ್ಟುವುದರಲ್ಲಿ ಇದೆ ಎಂದಾಯಿತು. ಅದೇನೂ ಕೊರತೆಯಲ್ಲ, ಆ ಹಣವನ್ನು ಬೇರೆ ಕಡೆ ಹಾಕಬಹುದು. ಅದಕ್ಕೆ ಬದಲಾಗಿ ಪರದೆ ಮುಂದೆ ಕೂತು ‘ಇದು ಕೈಗೆ ಸಿಗಬಾರದೇ’ ಎಂದು ಪ್ರತಿ ರಾತ್ರಿ ಚಡಪಡಿಸಿದರೆ, ಹೋಗಿ ಕೊಳ್ಳಿ.

ಕೊಳ್ಳುವಾಗ ಒಂದು ವಾಯ್ಸ್‌ನದು ಸಾಕು. ನಿಮ್ಮ ದಪ್ಪ ಬೇಸ್‌ಗೆ ಬೇಕಾಗಿರುವುದೂ ಒಂದೇ ಸ್ವರ. ಅದನ್ನು ಒಂದು ಟೇಕ್‌ನಲ್ಲಿ, ಫಿಲ್ಟರ್ ಮೇಲೆ ಕೈಯಿಟ್ಟು ನುಡಿಸಿ ರೆಕಾರ್ಡ್ ಮಾಡಿ; ಪ್ಯಾಡ್‌ಗಳು ಪ್ಲಗಿನ್‌ನಲ್ಲೇ ಇರಲಿ, ತಿದ್ದುಪಡಿಗಳು ಹೆಚ್ಚಾಗಿ ಬರುವುದೂ ಅಲ್ಲಿಗೇ. ಮಿನಿಮೂಗ್ ಸರ್ಕ್ಯೂಟಿನ ಜಾಡಿನಲ್ಲೇ ಮಾಡಿದ ಬೆರಿಂಜರ್ ಮಾಡೆಲ್ ಡಿಯಲ್ಲಿ ಕೀಗಳಿಲ್ಲ, ಆದರೆ ಮಿಡಿ ಕೀಬೋರ್ಡ್ ನಿಮ್ಮಲ್ಲಿದೆಯಲ್ಲ. 1978ರ ಕೋರ್ಗ್ ಎಂಎಸ್-20ರ ಚಿಕ್ಕ ರೂಪ 2013ರಲ್ಲಿ ಬಂತು. ಅದರ ಫಿಲ್ಟರ್ ಕಿರುಚುತ್ತದೆ, ನಯವಾದ ಬೇಸ್ ಬೇಕಾದವರಿಗೆ ನಾನು ಹೇಳುವುದಿಲ್ಲ, ಆದರೆ ವೈರ್ ಸಿಕ್ಕಿಸಿ ಕಲಿಯುವವರಿಗೆ ಅದರಷ್ಟು ಕಲಿಸುವ ವಾದ್ಯ ಕಡಿಮೆ. ಕಾರ್ಡ್ ನುಡಿಸದೆ ಇರಲಾರೆ ಎಂದಾದರೆ 2016ರ ಕೋರ್ಗ್ ಮಿನಿಲಾಗ್‌ನಲ್ಲಿ ನಾಲ್ಕು ವಾಯ್ಸ್, ಮೆಮೊರಿ, ಒಂದು ಡಿಲೇ ಎಲ್ಲ ಇವೆ. ಯಾವುದೇ ಆಗಲಿ, ಒಂದು ಕೆಲಸಕ್ಕೆ ಒಂದು ನಾಬ್ ಇರಬೇಕು. ಮೆನು ಒಳಗೆ ಹೊಕ್ಕು ಬದಲಾಯಿಸಬೇಕಾದ ವಾದ್ಯ ಕೊಂಡರೆ ಮೌಸ್‌ನಿಂದ ತಪ್ಪಿಸಿಕೊಂಡು ಇನ್ನೂ ಚಿಕ್ಕ ಪರದೆಗೆ ಸಿಕ್ಕಿಬಿದ್ದಂತೆ.

ಉಳಿದ ಹಣದಲ್ಲಿ ಮೊದಲು ಒಂದು ಜೊತೆ ಒಳ್ಳೆಯ ಮಾನಿಟರ್ ಸ್ಪೀಕರ್ ತನ್ನಿ, ಕೋಣೆಯ ಮೂಲೆಗಳ ಗುಂಯ್ಗುಡುವಿಕೆಗೆ ಏನಾದರೂ ಮಾಡಿ. ಇಷ್ಟು ವರ್ಷ ಬೇಸನ್ನು ಹೆಡ್‌ಫೋನ್‌ನಲ್ಲೇ ಅಳೆದಿದ್ದೀರಿ. ನಿಮ್ಮ ಈಗಿನ ಪ್ಲಗಿನ್‌ಗಳ ಸದ್ದು ತೆಳ್ಳಗಿದೆ ಅನ್ನಿಸಲು ಕಾರಣ ಪ್ಲಗಿನ್ ಅಲ್ಲದೆಯೂ ಇರಬಹುದು. ಆಮೇಲೆ, ಪೂರ್ಣ ಗಾತ್ರದ, ಆಫ್ಟರ್‌ಟಚ್ ಇರುವ ಒಂದು ಕೀಬೋರ್ಡ್. ಕೀ ಒತ್ತಿ ಹಿಡಿದು ಇನ್ನಷ್ಟು ಒತ್ತಿದಾಗ ಪ್ಯಾಡ್ ತೆರೆದುಕೊಳ್ಳುವ ಅನುಭವ ಚಿಕ್ಕ ಕೀಬೋರ್ಡಿನಲ್ಲಿ ಬಾರದು, ಎಷ್ಟೇ ದುಬಾರಿ ಪ್ಲಗಿನ್ ಇದ್ದರೂ. 1978ರ ಪ್ರಾಫೆಟ್‌ನಲ್ಲೂ ಅದು ಇರಲಿಲ್ಲ, 2020ರದರಲ್ಲಿ ಇದೆ.

‘ಬೇಡವಾದರೆ ಮಾರಿದರಾಯಿತು, ಅನಲಾಗ್ ಬೆಲೆ ಇಳಿಯುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. 1983ರಲ್ಲಿ ಡಿಜಿಟಲ್ ಸಿಂಥ್ ಯಮಾಹಾ ಡಿಎಕ್ಸ್7 ಬಂದ ಮೇಲೆ ಅನಲಾಗ್‌ಗಳನ್ನು ಕೇಳುವವರಿಲ್ಲದ ಕಾಲವಿತ್ತು. ರೋಲಂಡ್ ಟಿಬಿ-303 ಎಂಬ ಬೇಸ್ ಸಿಂಥ್ ಮಾರುಕಟ್ಟೆಯಲ್ಲಿ ಸೋತು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು, ಸೆಕೆಂಡ್‌ಹ್ಯಾಂಡ್ ಆಗಿ ಅಗ್ಗಕ್ಕೆ ಹೋಯಿತು. ಚಿಕಾಗೋದ ಯುವಕರು ಅದರಿಂದ ಆಸಿಡ್ ಹೌಸ್ ಎಂಬ ನೃತ್ಯ ಸಂಗೀತ ಕಟ್ಟಿದ ಮೇಲೆ ಅದೇ ಡಬ್ಬಿಗೆ ಜನ ಮುಗಿಬಿದ್ದರು. ಬೆಲೆ ಯಾವ ಕಡೆ ತಿರುಗುತ್ತದೆ ಎಂದು ಆಗಲೂ ಯಾರಿಗೂ ಗೊತ್ತಿರಲಿಲ್ಲ. ಮೇಲಾಗಿ ಮಿನಿಮೂಗ್ 2016ರಲ್ಲೂ 2022ರಲ್ಲೂ ಮರಳಿ ತಯಾರಾಯಿತು, ಪ್ರಾಫೆಟ್ ಮರಳಿತು. ಅಪರೂಪ ಎಂಬ ಕಾರಣಕ್ಕೇ ಬೆಲೆ ಹಿಡಿದಿದ್ದ ವಸ್ತುವಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಕೊನೆಯ ಪ್ರಶ್ನೆ, ಹೊಸದೋ ಹಳೆಯದೋ. ಸೋಲ್ಡರಿಂಗ್ ಗೊತ್ತಿಲ್ಲದವರಿಗೆ, ನಂಬಿಕೆಯ ಟೆಕ್ನಿಷಿಯನ್ ಹತ್ತಿರವಿಲ್ಲದವರಿಗೆ ಹೊಸದೇ. ನಲವತ್ತು ವರ್ಷ ಹಳೆಯ ವಾದ್ಯ ಸುಮ್ಮನೆ ಇಟ್ಟರೂ ಕೆಡುತ್ತದೆ. ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗುತ್ತವೆ, ಕೀಗಳ ಕೆಳಗಿನ ಕಾಂಟ್ಯಾಕ್ಟ್‌ಗಳಿಗೆ ಕಿಲುಬು ಹಿಡಿಯುತ್ತದೆ, ಸ್ಲೈಡರ್‌ಗಳು ಕರಕರ ಅನ್ನುತ್ತವೆ. ಜೂನೋ-106ರ ವಾಯ್ಸ್ ಚಿಪ್‌ಗಳು ಒಂದೊಂದಾಗಿ ಕೈಕೊಡುವುದು ಎಲ್ಲರಿಗೂ ಗೊತ್ತಿರುವ ರೋಗ. 1981ರ ಕೋರ್ಗ್ ಪಾಲಿಸಿಕ್ಸ್‌ನಲ್ಲಿ ಮೆಮೊರಿಗೆಂದು ಇಟ್ಟ ಬ್ಯಾಟರಿ ಸೋರಿ ಸರ್ಕ್ಯೂಟ್ ಬೋರ್ಡನ್ನೇ ತಿಂದುಹಾಕುತ್ತದೆ. ಹಳೆಯ ಪ್ರಾಫೆಟ್‌ಗಳಲ್ಲೂ ಮೊದಲೆರಡು ಆವೃತ್ತಿಗಳಲ್ಲಿ ಎಸ್‌ಎಸ್‌ಎಂ ಕಂಪನಿಯ ಚಿಪ್‌ಗಳು, ಮೂರನೆಯದರಲ್ಲಿ ಕರ್ಟಿಸ್ ಕಂಪನಿಯ ಚಿಪ್‌ಗಳು. ಮೊದಲಿನವುಗಳ ಬಿಡಿಭಾಗ ಹುಡುಕುವುದೇ ಒಂದು ಕೆಲಸ. ಹೊಸ ಪ್ರಾಫೆಟ್‌ನಲ್ಲಿ ಎರಡೂ ಬಗೆಯ ಫಿಲ್ಟರ್ ಇವೆ, ಸ್ವಿಚ್ ಒತ್ತಿ ಆರಿಸಿಕೊಳ್ಳಬಹುದು.

ಇಷ್ಟಾದರೂ ಒಂದು ದಿನ ಹಳೆಯ ಪ್ರಾಫೆಟ್-5 ಒಂದು ಕಣ್ಣಿಗೆ ಬಿದ್ದು ಮನಸ್ಸು ಎಳೆದರೆ, ನೋಡಲು ಹೋಗುವ ಮೊದಲೇ ಮಾರುವವರಿಗೆ ಸ್ವಿಚ್ ಹಾಕಬೇಡಿ ಎಂದು ಹೇಳಿ. ತಣ್ಣಗಿದ್ದಾಗ ಹೇಗಿದೆ, ಅರ್ಧ ಗಂಟೆ ಕಾದ ಮೇಲೆ ಹೇಗಿದೆ, ಎರಡನ್ನೂ ನೀವೇ ಕೇಳಬೇಕು. ಯಾವ ವೋಲ್ಟೇಜ್‌ಗೆ ಮಾಡಿದ್ದು ಎಂದು ಹಿಂಬದಿ ಓದಿ. ಪ್ಯಾಚ್‌ಗಳೆಲ್ಲ ಅಳಿಸಿಹೋಗಿದ್ದರೆ ಬ್ಯಾಟರಿ ಸತ್ತಿರುವ ಸಾಧ್ಯತೆ ಹೆಚ್ಚು; ಅದು ಸೋರಿದೆಯೇ ಎಂದು ತಿಳಿಯಲು ಮುಚ್ಚಳ ಬಿಚ್ಚಿಸಿ ನೋಡಿ. ಕೆಪಾಸಿಟರ್ ಯಾವಾಗ, ಯಾರು ಬದಲಾಯಿಸಿದರು ಎಂದು ಕೇಳಿ. ಆಮೇಲೆ ಎಲ್ಲಕ್ಕಿಂತ ಸರಳವಾದ ಪ್ಯಾಚ್ ಇಟ್ಟು, ಒಂದು ಆಸಿಲೇಟರ್, ಫಿಲ್ಟರ್ ಅರ್ಧ ತೆರೆದು, ಐದು ಕೀಗಳನ್ನು ಒಂದೊಂದಾಗಿ ಸೇರಿಸುತ್ತ ಒತ್ತಿ ಹಿಡಿಯಿರಿ. ಐದೂ ಬೇರೆ ಬೇರೆ ವಾಯ್ಸ್‌ಗೆ ಹೋಗಲೇಬೇಕು. ಸೇರುವ ಒಂದೊಂದು ಸ್ವರವೂ ಹಿಂದಿನದರಷ್ಟೇ ಹೊಳಪಾಗಿ, ಅಷ್ಟೇ ಜೋರಾಗಿ ಬರಬೇಕು. ಒಂದು ಮಂಕಾಗಿ ಬಂದರೂ, ಅಥವಾ ಬಾರದೇ ಹೋದರೂ, ಚೌಕಾಸಿಗೆ ಇಳಿಯಬೇಡಿ. ರಿಪೇರಿ ಮಾಡಿಸಿ ತೋರಿಸಿ, ಆಮೇಲೆ ಬೆಲೆ ಮಾತಾಡೋಣ ಎಂದು ಹೇಳಿ ಬನ್ನಿ.